ಹುರುಳಿಯ ಮೇಲೆ ನಿಂತ ಕೆಂಪು ಗಾಡಿ

ವಳ್ಳೂರಿನ ಸೋಲಾರ್ ಪಾರ್ಕಿನೊಳಗಿನ ರಸ್ತೆ ಗೆರೆ ಎಳೆದಷ್ಟು ನೇರ. ಆ ಸಂಜೆ ಅದರ ಮೇಲೆ ಎರಡು ದೊಡ್ಡ ಗಾಡಿಗಳು ಅಕ್ಕಪಕ್ಕ ನಿಂತಿದ್ದವು. ಕೆಂಪಗಿದ್ದದ್ದು ಚಿರಂಜೀವಿಯದು, ಪೆಟ್ರೋಲ್ ಕುಡಿದು ಗೂಳಿಯ ಹಾಗೆ ಗುಟುರು ಹಾಕುವ ವಿದೇಶಿ ಎಸ್‌ಯುವಿ. ಬಿಳಿಯದು ಶಿರಾದ ಕಡಲೇಕಾಯಿ ವ್ಯಾಪಾರಿ ಉಮರ್‌ನದು. ಕರೆಂಟಿನದು, ಚಾಲೂ ಆಗಿದೆಯೋ ಇಲ್ಲವೋ ಕಿವಿಗೆ ತಿಳಿಯದು. ಯಾವುದು ಜೋರು ಎಂದು ಗೆಳೆಯರಿಬ್ಬರೂ ಫೋನಿನಲ್ಲಿ ಕಿತ್ತಾಡಿ ಸಾಕಾಗಿ, ಓಡಿಸಿಯೇ ನೋಡೋಣ ಎಂದು ಬಂದಿದ್ದರು. ಉಮರ್‌ನ ಬಲಗೈ ಮುರಿದು ಪಟ್ಟಿಯಲ್ಲಿತ್ತು. ಹಾಗಾಗಿ ಅವನ ಗಾಡಿಯ ಸ್ಟೇರಿಂಗ್ ಹಿಡಿದು ಕೂತವಳು ಮಧುಗಿರಿಯ ಲೋಹಿತಾ.

ಚಿರಂಜೀವಿ ಕಿಟಕಿಯಿಂದ ತಲೆ ಹೊರಗೆ ಹಾಕಿ ನಕ್ಕ. "ಲೇ ಉಮರ್, ಎಮ್ಮೆಗೆ ಗುದ್ದಿದೋಳೇ ಸಿಕ್ಕಿದ್ಲೇನೋ ನಿಂಗೆ? ದಾರೀಲಿ ಎಮ್ಮೆ ಗಿಮ್ಮೆ ಐತಾ ನೋಡ್ಕಳಮ್ಮ!"

ಲೋಹಿತಾ ಹಲ್ಲು ಕಚ್ಚಿದಳು. ಎಮ್ಮೆಗೆ ಗುದ್ದಿದವನು ಅವನೇ. ಎರಡು ವರ್ಷದ ಕೆಳಗೆ, ಇಬ್ಬರಿಗೂ ಮದುವೆ ನಿಶ್ಚಯವಾಗಿದ್ದಾಗ, ಕೊರಟಗೆರೆ ರಸ್ತೆಯಲ್ಲಿ ಅವನು ಓಡಿಸುತ್ತಿದ್ದ ಗಾಡಿ ಮೂಡಲಗಿರಿಯಪ್ಪನ ಎಮ್ಮೆಯನ್ನು ಕೊಂದು, ಮೂಡಲಗಿರಿಯಪ್ಪನ ಕಾಲನ್ನೂ ಮುರಿದಿತ್ತು. ಜನ ಸೇರುವಷ್ಟರಲ್ಲಿ ಇವನು ಕೆಳಗಿಳಿದು ಆಚೆ ನಿಂತು, "ನಾ ಬ್ಯಾಡ ಅಂದೆ, ಇವಳೇ ಓಡಿಸ್ತೀನಿ ಅಂತ ಕೂತ್ಲು" ಎಂದುಬಿಟ್ಟ. ಡ್ರೈವಿಂಗ್ ಸ್ಕೂಲು ನಡೆಸುವ ಹುಡುಗಿ, ಎಲ್ಲರೂ ನಂಬಿದರು. ಮದುವೆ ಮುರಿಯಿತು. ಅದಕ್ಕೆ ಅವಳು ಅಳಲಿಲ್ಲ. ಆದರೆ ಕಾರು ಕಲಿಯಲು ಬರುತ್ತಿದ್ದ ಹೆಂಗಸರು ಒಬ್ಬೊಬ್ಬರಾಗಿ ಬರುವುದು ಬಿಟ್ಟರು, ಸ್ಕೂಲಿನ ಬೋರ್ಡು ಕೆಳಗಿಳಿಯಿತು. ಅಂದಿನಿಂದ ಅವಳಿಗೆ ಬೇಕಾಗಿದ್ದದ್ದು ಒಂದೇ. ನಾಲ್ಕು ಜನರ ಮುಂದೆ ಆ ನಿಜವನ್ನು ಅವನ ಬಾಯಿಂದಲೇ ಕಕ್ಕಿಸಬೇಕು. ಉಮರ್ ಕರೆದಾಗ ಮರುಮಾತಾಡದೆ ಬಂದದ್ದೂ ಅದಕ್ಕೇ.

ಉಮರ್ ಅವಳ ಪಕ್ಕದ ಸೀಟಿನಲ್ಲಿ ಕೂತು, ಎಡಗೈಯಲ್ಲಿ ಫೋನ್ ಹಿಡಿದು ಲೈವ್ ಹಾಕಿದ. ಸೋಲಾರ್ ಹಲಗೆ ತೊಳೆಯುವ ಆಳುಗಳು ಕೆಲಸ ಬಿಟ್ಟು, ನೀರಿನ ಟ್ಯಾಂಕರಿನ ಪಕ್ಕದಲ್ಲೇ ಸಾಲಾಗಿ ನಿಂತರು.

ಮೊದಲ ಓಟದಲ್ಲಿ ಆಳೊಬ್ಬ ಕೈ ಬೀಸಿದ್ದಷ್ಟೇ ಗೊತ್ತು. ಬಿಳಿಯ ಗಾಡಿ ಕವಣೆಯಿಂದ ಹಾರಿದ ಕಲ್ಲಿನಂತೆ ಹೋಗಿ ಮುಂದೆ ಎಳೆದಿದ್ದ ಗೆರೆ ದಾಟಿತು. ಕೆಂಪುಗಾಡಿ ಇನ್ನೂ ಗಿಯರು ಬದಲಾಯಿಸುತ್ತಾ ಅರಚುತ್ತಿತ್ತು.

"ಇದೊಂದು ಓಟಾನಾ?" ಚಿರಂಜೀವಿಯ ಮುಖವೂ ಗಾಡಿಯ ಬಣ್ಣಕ್ಕೆ ತಿರುಗಿತ್ತು. "ಕರೆಂಟ್ ಗಾಡಿ ಶುರುನಲ್ಲಿ ನೆಗೀತದೆ, ಆಮೇಲೆ ದಮ್ಮಿರಲ್ಲ. ಗೆರೆ ದೂರಕ್ಕಾಕು. ಅಗೋ, ಅಜ್ಜಿ ಹುರುಳಿ ಹರಡವ್ಳಲ್ಲ, ಅದರಾಚೆಗೆ."

ಅವನ ಮಾತಿನಲ್ಲಿ ಸುಳ್ಳಿರಲಿಲ್ಲ. ನಿಂತಲ್ಲಿಂದ ಹಾರುವುದರಲ್ಲಿ ಬಿಳಿಯದು ಮೇಲು, ಉದ್ದಕ್ಕೆ ಓಡುವುದರಲ್ಲಿ ಕೆಂಪಿನದು ಮೇಲು. ಆದರೆ ದೂರದಲ್ಲಿ, ರಸ್ತೆಯ ತುಂಬ, ಚನ್ನಮಲ್ಲಮ್ಮ ಹುರುಳಿಗಿಡ ಹರಡಿದ್ದಳು. ಸುಗ್ಗಿ ಬಂದರೆ ಆ ಸೀಮೆಯಲ್ಲಿ ಟಾರು ರಸ್ತೆಯೇ ಕಣ. ಹೋಗಿಬರುವ ಗಾಡಿಗಳೇ ಒಕ್ಕಣೆಯ ಎತ್ತು. ಅದರ ಮೇಲೆ ಓಡಿಸಿದರೆ ಪುಣ್ಯ ಬರುತ್ತದೆ ಎಂದೇ ಜನರ ಎಣಿಕೆ.

"ಅಜ್ಜೀ, ಪಕ್ಕಕ್ಕೋಗು! ಕೋಟಿ ರೂಪಾಯಿ ಗಾಡೀಲಿ ನಿನ್ನ ಹುರುಳಿ ಒಕ್ಕಿಕೊಡ್ತೀನಿ!" ಎಂದು ಚಿರಂಜೀವಿ ಕೂಗಿದ.

"ಒಕ್ಕಪ್ಪಾ, ನಿನ್ನ ಹೊಟ್ಟೆ ತಣ್ಣಗಿರ್ಲಿ" ಎಂದು ಮುದುಕಿ ಮೊರ ಎತ್ತಿಕೊಂಡು ಪಕ್ಕಕ್ಕೆ ಸರಿದಳು.

ಲೋಹಿತಾ ಬಾಯಿ ತೆರೆದಳು. ಹೋದ ಸುಗ್ಗಿಯಲ್ಲಿ ಶಿರಾದ ಹತ್ತಿರ ಒಂದು ಕಾರು ಹೀಗೇ ಒಕ್ಕಣೆಯ ಮೇಲೆ ನಿಂತು ಸುಟ್ಟು ಕರಕಲಾದದ್ದನ್ನು ಕಣ್ಣಾರೆ ಕಂಡವಳು. ಟ್ರ್ಯಾಕ್ಟರಾದರೆ ಹೊಟ್ಟೆ ಎತ್ತರ. ಈ ಕೆಂಪುಗಾಡಿಯೋ ವೇಗ ಏರಿದಂತೆ ನೆಲಕ್ಕೆ ತಗ್ಗುವಂಥದ್ದು. ಒಣಕಡ್ಡಿ ಹೋಗಿ ಕಾದ ಸೈಲೆನ್ಸರಿಗೆ ಸುತ್ತಿಕೊಂಡರೆ ಮುಗಿಯಿತು.

"ಏನಮ್ಮಾ, ಎಮ್ಮೆ ಕಾಣಿಸ್ತಾ?" ಎಂದ ಚಿರಂಜೀವಿ.

ಲೋಹಿತಾ ಬಾಯಿ ಮುಚ್ಚಿಕೊಂಡಳು.

ಮತ್ತೆ ಕೈ ಬೀಸಿದರು. ಬಿಳಿಯ ಗಾಡಿ ಮುಂದೆ ಹಾರಿತು. ಹಳೆಯ ಗೆರೆ ದಾಟುವವರೆಗೂ ಮುಂದೆಯೇ ಇತ್ತು. ಆಮೇಲೆ ಹಿಂದಿನಿಂದ ಗುಡುಗು ಬಂತು. ಕೆಂಪುಗಾಡಿ ಪಕ್ಕಕ್ಕೆ ಬಂದು, ಉಜ್ಜಿಕೊಂಡು ಹೋದಂತೆ ಮುಂದೆ ಹೋಯಿತು. ಲೋಹಿತಾ ಕಾಲೆತ್ತಿ, ಬ್ರೇಕು ಒತ್ತಿ, ಹುರುಳಿಗಿಡದ ಈಚೆಗೇ ನಿಂತಳು. ಚಿರಂಜೀವಿ ಅದರ ಮೇಲೇ ಬ್ರೇಕು ಹಾಕಿದ. ಕಾಳಿನ ಮೇಲೆ ಗಾಡಿ ಜಾರಿ, ಅಡ್ಡಡ್ಡ ತಿರುಗಿ, ಗುಡ್ಡೆಯ ನಡುವೆ ಹೂತು ನಿಂತಿತು.

"ಗೆದ್ದೇ ಕಣ್ಲಾ!" ಎರಡೂ ಕೈ ಎತ್ತಿ ಇಳಿದ. "ಉಮರ್, ಫೋನು ಹತ್ರ ತತ್ತಾ, ಮುಖ ಬರ್ಲಿ!"

ಮುಖ ಬಂತು. ಅದರ ಹಿಂದೆ ಹೊಗೆಯೂ ಬಂತು.

"ಅಯ್ಯೋ ದೇವುಡಾ, ನನ್ನ ಹುರುಳಿ!" ಚನ್ನಮಲ್ಲಮ್ಮ ಬಾಯಿ ಬಡಿದುಕೊಂಡಳು.

ಟ್ಯಾಂಕರಿನ ಆಳು ಮಲ್ಲೇಶ್ ಅದನ್ನು ಎಳೆಯುವ ಟ್ರ್ಯಾಕ್ಟರು ಓಡಿಸಿಕೊಂಡು ಬಂದ. ಅವನು ಪೈಪು ಎಳೆದು ಹಿಡಿಯುವಷ್ಟರಲ್ಲಿ ಲೋಹಿತಾ ನಲ್ಲಿಯ ತಿರುಪಿನ ಮೇಲೆ ಕೈ ಇಟ್ಟಾಗಿತ್ತು.

"ನೀರ್ ಬುಡೇ!" ಚಿರಂಜೀವಿ ಕಿರುಚಿದ.

"ಬುಡ್ತೀನಿ. ಅವತ್ತು ಕೊರಟಗೆರೆ ರಸ್ತೇಲಿ ಗಾಡಿ ಓಡಿಸ್ತಿದ್ದೋರು ಯಾರು?"

"ಇದೇನಾ ಅದನ್ನ ಕೇಳೋ ಹೊತ್ತು? ಗಾಡಿ ಸುಡ್ತಾ ಐತೆ!"

"ನಿನ್ನ ಗಾಡಿ. ನಂಗೇನು ಅವಸರ?"

ತಿರುಪಿನತ್ತ ನುಗ್ಗಿದ ಚಿರಂಜೀವಿಗೆ ಮಲ್ಲೇಶ್ ಪೈಪು ಹಿಡಿದುಕೊಂಡೇ ಅಡ್ಡ ನಿಂತ. ಮಲ್ಲೇಶನ ಹೆಂಡತಿಗೆ ಸ್ಕೂಟಿ ಕಲಿಸಿದವಳು ಲೋಹಿತಾ.

"ಸಾಕು ಬೆಹೆನ್, ಬಿಟ್ಬಿಡು" ಎಂದ ಉಮರ್. ಆದರೆ ಫೋನು ಕೆಳಗಿಳಿಸಲಿಲ್ಲ.

ಗಾಡಿಯಡಿಯಿಂದ ಬೆಂಕಿ ನಾಲಿಗೆ ಚಾಚಿತು. ಚಿರಂಜೀವಿ ಅದನ್ನು ನೋಡಿದ, ಇವಳನ್ನು ನೋಡಿದ. "ನಾನೇ! ನಾನೇ ಓಡಿಸ್ತಿದ್ದೆ, ಸಾಕಾ?"

"ನಂಗಲ್ಲ. ಫೋನ್ ನೋಡ್ಕಂಡು ಹೇಳು. ಯಾಕೆ ನನ್ನ ತಲೆಗೆ ಕಟ್ಟಿದೆ?"

ಅವನು ಫೋನಿನ ಕಡೆ ತಿರುಗಿದ. "ಮೂಡಲಗಿರಿಯಪ್ಪನ ಎಮ್ಮೆಗೆ ಗುದ್ದಿದ್ದು ನಾನು. ಲೋಹಿತಾ ಪಕ್ಕದಲ್ಲಿ ಕೂತಿದ್ಲು. ಭಯ ಆಗಿ ಅವಳ ಮೇಲೆ ಹಾಕ್ದೆ. ಹೆಣ್ಣು ಓಡಿಸಿದ್ದು ಅಂದ್ರೆ ಜನ ಬೇಗ ನಂಬ್ತಾರೆ ಅಂತ."

ಲೋಹಿತಾ ತಿರುಪು ತಿರುಗಿಸಿದಳು. ನೀರು ನುಗ್ಗಿತು. ಬೆಂಕಿ ಆರುವಷ್ಟರಲ್ಲಿ ಗಾಡಿಯ ಹಿಂಭಾಗ ಕರಿಬಾಣಲೆಯಾಗಿತ್ತು, ಮುಂಭಾಗವಷ್ಟೇ ಕೆಂಪಗೆ ಉಳಿದಿತ್ತು. ಚಿರಂಜೀವಿ ರಸ್ತೆಯಂಚಿನಲ್ಲಿ ತಲೆ ಮೇಲೆ ಕೈ ಹೊತ್ತು ಕೂತ. ಅವಳು ಅವನನ್ನು ಕಣ್ತುಂಬ ನೋಡಿದಳು. ಸುಳ್ಳೇಕೆ, ಹಬ್ಬದೂಟ ಉಂಡಷ್ಟು ಹಿತವಾಯಿತು.

ಹಿತ ಕೆಟ್ಟದ್ದು ಮುದುಕಿಯ ಕಡೆ ತಿರುಗಿದಾಗ. ಚನ್ನಮಲ್ಲಮ್ಮ ಸುಟ್ಟು ನೆಂದ ಕಾಳನ್ನು ಬೊಗಸೆಯಲ್ಲಿ ಎತ್ತಿ ಎತ್ತಿ ನೋಡುತ್ತಿದ್ದಳು.

"ಇಂಗಾಗ್ತದೆ ಅಂತ ನಿಂಗೆ ಗೊತ್ತಿತ್ತೇನೇ?"

"ಗೊತ್ತಿತ್ತು ಕಣಜ್ಜಿ."

"ಒಂದ್ ಮಾತು ಹೇಳ್ಬಾರ್ದಾಗಿತ್ತಾ?"

"ಬೇಕಂತ್ಲೇ ಹೇಳ್ಲಿಲ್ಲ. ನಿನ್ನ ನೆನಪಾಗ್ಲಿಲ್ಲ, ಅದೊಂದು ತಪ್ಪಾಯ್ತು. ನಿನ್ನ ಹುರುಳಿ ನಾನು ತುಂಬಿಕೊಡ್ತೀನಿ."

"ಕೊಡ್ದೆ ಎಲ್ಲಿಗೋಗ್ತೀಯ?" ಮುದುಕಿ ಗದರಿದಳು. ಆಮೇಲೆ ಕರಕಲು ಗಾಡಿಯತ್ತ ಒಮ್ಮೆ ನೋಡಿ, ಮೊರದ ಮರೆಯಲ್ಲಿ ಮೆಲ್ಲಗೆ ಹೇಳಿದಳು: "ಇನ್ನೊಂದು ಗಳಿಗೆ ತಡೀಬೇಕಿತ್ತು ಕಣೇ. ಮುಂದಿಂದೂ ಹೋಗ್ತಿತ್ತು."