ಹವಾಮಾನದ ಹಿಂದಿನ ಹಾಡು

ನನ್ನ ಕೆಲಸ ನನಗೆ ಚೆನ್ನಾಗಿ ಬರುತ್ತದೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ಹೇಳಹೊರಟಿರುವುದು ನಾನು ಮಾಡಿದ ಒಂದು ತಪ್ಪಿನ ಕಥೆ. ಕೆಲಸ ಬಾರದವರಿಗೆ ಅಂಥ ತಪ್ಪು ಮಾಡಲೂ ಬರುವುದಿಲ್ಲ.

ಹತ್ತೊಂಬತ್ತು ವರ್ಷ ನಮ್ಮೂರಿನ ರೇಡಿಯೋದಲ್ಲಿ ನಾಲ್ಕು ಗಂಟೆಯ ಹಾಡು ನನ್ನದಾಗಿತ್ತು. ದಿನಕ್ಕೆ ಒಂದು ಹಾಡು, ಎಲ್ಲೂ ಯಾವತ್ತೂ ಪ್ರಸಾರವಾಗದ ಹಾಡು. ಪೂರ್ತಿ ಹಾಕಬೇಕು, ಮಧ್ಯೆ ಬಾಯಿ ಹಾಕಬಾರದು, ಹಾಡಿದವರ ಹೆಸರನ್ನು ಮೊದಲೊಮ್ಮೆ ಕೊನೆಗೊಮ್ಮೆ ಹೇಳಬೇಕು. ಸ್ಟೇಷನ್ ಕಟ್ಟಿದವರು ಹಾಕಿಕೊಟ್ಟ ಪದ್ಧತಿ ಅದು. ಬಸ್ ಡ್ರೈವರು, ಹಲ್ಲಿನ ಡಾಕ್ಟರು, ಎಂಬತ್ತು ದಾಟಿದ ಅವಳಿ ಅಕ್ಕತಂಗಿಯರು, ಜೈಲಿನಿಂದ ಅದೇ ತಾನೇ ಹೊರಗೆ ಬಂದಿದ್ದ ಒಬ್ಬಾತ, ಎಲ್ಲರೂ ಆ ಹೊತ್ತಿನಲ್ಲಿ ಹಾಡಿದ್ದಾರೆ. ಕೆಲವನ್ನು ಕಿವಿಯಲ್ಲಿ ಕೇಳುವಂತಿರಲಿಲ್ಲ. ಕೆಲವನ್ನು ಜನ ಫೋನ್ ಮಾಡಿ ಮಾಡಿ ಮತ್ತೆ ಹಾಕಿಸಿಕೊಂಡರು. ಯಾವುದು ಏನಾಗುತ್ತದೆ ಎಂದು ಮೊದಲೇ ಹೇಳಬಲ್ಲವರನ್ನು ನಾನಂತೂ ಕಂಡಿಲ್ಲ. ನನಗೂ ಗೊತ್ತಾಗುತ್ತಿರಲಿಲ್ಲ.

ನನ್ನ ನಾದಿನಿ ಮಾರ್ಕೆಟ್ ರಸ್ತೆಯಲ್ಲಿ ಬೀಗ ರಿಪೇರಿ ಮಾಡುತ್ತಾಳೆ. ಅದು ನಮ್ಮ ಮಾವನವರ ಅಂಗಡಿ. ಮಗನಿಗೆ, ಅಂದರೆ ನನ್ನ ಗಂಡನಿಗೆ, ಗೋಡೆಗೆ ಒಂದು ಮೊಳೆ ನೆಟ್ಟಗೆ ಹೊಡೆಯಲು ಬಾರದು, ಹಾಗಾಗಿ ಮಗಳ ಪಾಲಿಗೆ ಬಂತು. ಊರಿಗೆಲ್ಲ ಅವಳು ಬೀಗದಕ್ಕ. ಅವಳದೂ ನನ್ನದೂ ಎಣ್ಣೆ ಸೀಗೆಕಾಯಿ ಎಂದು ಮನೆಯವರು ಆಡಿಕೊಳ್ಳುತ್ತಾರೆ, ಸುಳ್ಳೇನಲ್ಲ. ಆದರೆ ಅವಳು ಕೀಲಿಕೈಯ ಹಲ್ಲಿಗೆ ಅರ ಉಜ್ಜುತ್ತಾ ತನ್ನಷ್ಟಕ್ಕೆ ಹಾಡು ಕಟ್ಟಿ ಹಾಡಿಕೊಳ್ಳುವುದನ್ನು ಕೇಳಿದ ದಿನದಿಂದ ನಾನು ಅವಳ ಬೆನ್ನು ಬಿದ್ದಿದ್ದೆ. ಒಪ್ಪಿಸುವುದಕ್ಕೆ ನಾಲ್ಕು ವರ್ಷ ಹಿಡಿಯಿತು.

ರೆಕಾರ್ಡ್ ಮಾಡಿದ್ದು ಅಂಗಡಿಯಲ್ಲೇ. ನಮ್ಮ ಸ್ಟೇಷನ್ನಿನ ಟೆಕ್ನಿಷಿಯನ್ ಅನ್ನು ನಾವೆಲ್ಲ ಮಾಮ ಎನ್ನುತ್ತೇವೆ. ಅವರು ಯಂತ್ರ ಹೊತ್ತು ಹೋಗಿ, ಬೀಗಗಳನ್ನು ಆಚೆ ಸರಿಸಿ, ಮೈಕನ್ನು ಅವಳ ಮುಂದೆ ಇಟ್ಟರು. ತಾಳಕ್ಕೆ ಬೇರೇನೂ ಇಲ್ಲ, ಅರದ ಸದ್ದೇ. "ಮಾಡಿಸಿ ಮರೆತವರ ಕೀಲಿಕೈಯೆಲ್ಲ ನನ್ನಲ್ಲಿ, ಬಾಗಿಲು ಎಲ್ಲಿ, ಹೇಳು, ಬಾಗಿಲು ಎಲ್ಲಿ" ಎಂದು ಶುರುವಾಗುತ್ತದೆ. ಮೂರು ನಿಮಿಷ ನಲವತ್ತು ಸೆಕೆಂಡು. ಮುಗಿದ ಮೇಲೆ ಮಾಮ ಕನ್ನಡಕ ತೆಗೆದು ಒರೆಸಿಕೊಂಡರು.

"ಹೆಸರು ಹೇಳ್ತೀರಲ್ಲ ಅತ್ತಿಗೆ?" ಅವಳು ಕೇಳಿದ್ದು ಅದೊಂದೇ. "ಬೀಗದಕ್ಕ ಅಂತಾನೇ ಹೇಳಿ. ಮನೇಲಿ ಇಟ್ಟ ಹೆಸರು ಕರೆಂಟ್ ಬಿಲ್ಲಿಗೆ ಸಾಕು."

"ಸೋಮವಾರ ನಾಲ್ಕು ಗಂಟೆಗೆ. ನಾನು ಮಾತು ಕೊಟ್ಟೆ ಅಂದ್ರೆ ಕೊಟ್ಟೆ," ಎಂದೆ.

ಗುರುವಾರ ನಮ್ಮ ಸ್ಟೇಷನ್ ಮಾರಾಟವಾಯಿತು. ಕೊಂಡ ಕಂಪನಿಯ ಕೈಯಲ್ಲಿ ಆಗಲೇ ನಲವತ್ತು ಊರಿನ ರೇಡಿಯೋ ಇತ್ತು, ನಮ್ಮದು ನಲವತ್ತೊಂದನೆಯದು. ಶುಕ್ರವಾರ ಒಂದು ಕಂಪ್ಯೂಟರು ಬಂತು, ಅದರ ಹಿಂದೆ ಅದನ್ನು ನಡೆಸುವ ಮ್ಯಾನೇಜರು ಬಂದರು. ಮುನ್ನೂರು ಹಾಡಿನ ಒಂದು ಪಟ್ಟಿ. ಎಲ್ಲ ಊರಿಗೂ ಅದೇ ಮುನ್ನೂರು, ಅದೇ ಸರದಿಯಲ್ಲಿ. ಪ್ರತಿ ಹಾಡಿಗೂ ನಂಬರು. ನಂಬರಿಲ್ಲದ್ದನ್ನು ಯಂತ್ರ ಮುಟ್ಟುವುದಿಲ್ಲ.

"ಈ ಮುನ್ನೂರನ್ನ ಯಾರು ಆರಿಸಿದ್ದು?" ಎಂದು ಕೇಳಿದೆ.

"ಕೇಳುಗರೇ, ಮೇಡಂ. ಜನಕ್ಕೆ ಫೋನ್ ಮಾಡ್ತೀವಿ, ಒಂದೊಂದು ಹಾಡಿಂದ ಎಂಟು ಸೆಕೆಂಡು ಕೇಳಿಸ್ತೀವಿ. ಇಷ್ಟ ಆದ್ರೆ ಒಂದು ಒತ್ತಬೇಕು, ಇಲ್ಲಾಂದ್ರೆ ಎರಡು."

"ಮೊದಲು ಕೇಳೇ ಇಲ್ಲದ ಹಾಡಿಗೆ ಯಾರು ಒಂದು ಒತ್ತುತ್ತಾರೆ?"

"ಒತ್ತಲ್ಲ," ಎಂದು ಅವರು ಒಪ್ಪಿಕೊಂಡರು. "ಅದಕ್ಕೇ ಅಂಥವು ಪಟ್ಟೀಲಿ ಇಲ್ಲ."

"ಎಂಟು ಸೆಕೆಂಡಲ್ಲಿ ಕೇಳಿದ್ರೆ ನಾನು ನಮ್ಮನೆಯವರಿಗೂ ಎರಡೇ ಒತ್ತುತ್ತಿದ್ದೆ."

ಅವರು ಮನಸಾರೆ ನಕ್ಕರು. ಕೆಟ್ಟ ಮನುಷ್ಯನಲ್ಲ, ಅದೇ ಕಷ್ಟ, ಬೈಯಲು ಮನಸ್ಸು ಬರುತ್ತಿರಲಿಲ್ಲ. ಮಾಮ ಅವರಿಗೆ ಎಂಟು ಸೆಕೆಂಡು ಎಂದು ಹೆಸರಿಟ್ಟರು. ನಾಲ್ಕು ಗಂಟೆಯ ಹೊತ್ತನ್ನು ಎಂಟು ಸೆಕೆಂಡು ಒಂದೇ ಗೆರೆ ಎಳೆದು ಹೊಡೆದುಹಾಕಿದರು. ಸರದಿಗೆ ಕಾದಿದ್ದ ಇನ್ನೂರು ಜನರ ಹಾಡು ಅಲಮಾರಿಯಲ್ಲೇ ಉಳಿಯಿತು. ನನಗೆ ಉಳಿದದ್ದು ನಾಲ್ಕೂ ಐವತ್ತರ ಹವಾಮಾನ ಮಾತ್ರ. ವರದಿ ಬರುವುದೇ ನಾಲ್ಕೂವರೆಗೆ ಆದ್ದರಿಂದ ಅದನ್ನು ಮೊದಲೇ ರೆಕಾರ್ಡ್ ಮಾಡಿಡಲು ಆಗುವುದಿಲ್ಲ. ಇಡೀ ದಿನದಲ್ಲಿ ಮೈಕಿನ ಮುಂದೆ ಜೀವಂತ ಮನುಷ್ಯರು ಮಾತನಾಡುವ ಮೂರು ನಿಮಿಷ ಅದೊಂದೇ.

ಸೋಮವಾರ ಬಂತು, ಹೋಯಿತು. ನಾದಿನಿ ಏನೂ ಕೇಳಲಿಲ್ಲ. ಕೇಳಿದ್ದರೆ ವಾಸಿಯಿತ್ತು.

ಆಮೇಲೆ ನನಗೊಂದು ಉಪಾಯ ಹೊಳೆಯಿತು. ಹವಾಮಾನ ಓದುವಾಗ ಹಿಂದೆ ಸಣ್ಣಗೆ ಒಂದು ಸಂಗೀತ ಇರುತ್ತದೆ. ಕಂಪನಿ ನಂಬರು ಹಾಕುತ್ತಿದ್ದುದು ಹಾಡುಗಳಿಗೆ, ಹಿನ್ನೆಲೆಗಲ್ಲ. ನಾನು ನಾದಿನಿಯ ಹಾಡನ್ನು ಹಿನ್ನೆಲೆ ಎಂದು ಯಂತ್ರಕ್ಕೆ ಸೇರಿಸಿದೆ. ಅದು ತುಟಿಪಿಟಕ್ ಎನ್ನದೆ ಒಪ್ಪಿಕೊಂಡಿತು. ಆ ದಿನ ನನ್ನ ಬೆನ್ನನ್ನು ನಾನೇ ಎಷ್ಟು ತಟ್ಟಿಕೊಂಡೆನೋ.

"ಉತ್ತರದಿಂದ ಗಾಳಿ," ಎಂದು ನಿಲ್ಲಿಸುತ್ತಿದ್ದೆ. ಹಾಡನ್ನು ಮೇಲೇರಿಸುತ್ತಿದ್ದೆ. ಐದು ಸೆಕೆಂಡು. "ಗಂಟೆಗೆ ಹನ್ನೆರಡು ಕಿಲೋಮೀಟರ್." ಮತ್ತೆ ಐದು ಸೆಕೆಂಡು.

"ಇಷ್ಟು ನಿಧಾನಕ್ಕೆ ಬೀಸೋ ಗಾಳೀನ ನನ್ನ ಸರ್ವೀಸಲ್ಲಿ ನೋಡಿಲ್ಲಮ್ಮ," ಎಂದರು ಮಾಮ.

ವಾರ ಕಳೆಯುವಷ್ಟರಲ್ಲಿ ಫೋನು ಬರತೊಡಗಿತು. ಮಳೆ ಯಾವಾಗ ಎಂದಲ್ಲ. ಆ ಹಿಂದಿನದು ಏನು ಎಂದು. ದಿನಾ ಅದೇ ಮುನ್ನೂರು ಕೇಳಿ ಕೇಳಿ ಬೇಸತ್ತ ಕಿವಿಗೆ ಹೊಸದೊಂದು ಸಿಕ್ಕಿತ್ತು. ಹೆಸರು ಹೇಳಿದರೆ ಸಿಕ್ಕಿಬೀಳುತ್ತೇನೆಂದು ನಾನು ಮಾತು ತೇಲಿಸಿಬಿಡುತ್ತಿದ್ದೆ. ನಾದಿನಿ ಹಿಗ್ಗಿರುತ್ತಾಳೆ ಎಂದುಕೊಂಡು ಒಂದು ತಿಂಗಳಾದ ಮೇಲೆ ಗತ್ತಿನಿಂದ ಅಂಗಡಿಗೆ ಹೋದೆ.

ಅವಳು ಅರ ಕೆಳಗಿಟ್ಟಳು. ಅವಳು ಅರ ಕೆಳಗಿಟ್ಟರೆ ಮನೆಮಂದಿಯೆಲ್ಲ ಜಾಗ ಖಾಲಿ ಮಾಡುತ್ತೇವೆ.

"ನಿನ್ನೆ ಒಬ್ಬರು ಡೂಪ್ಲಿಕೇಟ್ ಮಾಡಿಸೋಕೆ ಬಂದಿದ್ರು," ಎಂದಳು. "ನಿಂತ ಕಡೆ ನನ್ನ ಹಾಡು ಗುನುಗ್ತಾ ಇದ್ರು. ಅದು ನನ್ನದು ಅಂದೆ. ನಕ್ಕುಬಿಟ್ರು ಅತ್ತಿಗೆ. ಅದು ಹವಾಮಾನದ ಮ್ಯೂಸಿಕ್ಕಮ್ಮ ಅಂದ್ರು."

"ಊರೆಲ್ಲ ಗುನುಗ್ತಿದೆ ಅಂದ್ರೆ ಒಳ್ಳೇದೇ ಅಲ್ವೇನೇ?"

"ನನ್ನ ಹಾಡಿನ ಮೇಲೆ ಗಾಳಿ ಬಂತು, ಮೋಡ ಬಂತು, ತೇವಾಂಶ ಬಂತು. ನನ್ನ ಹೆಸರು ಮಾತ್ರ ಬರಲಿಲ್ಲ. ಮೊದಲು ಯಾರಿಗೂ ಗೊತ್ತಿರಲಿಲ್ಲ, ಸರಿ. ಈಗ ಎಲ್ಲರಿಗೂ ಗೊತ್ತು, ನಾನು ಹೇಳಿದ್ರೆ ಸುಳ್ಳಿ ಆಗ್ತೀನಿ. ನನ್ನನ್ನ ಕೇಳಿದ್ರಾ ನೀವು?"

ಕೇಳಿರಲಿಲ್ಲ. ಕಂಪನಿಗೆ ಚಳ್ಳೆಹಣ್ಣು ತಿನ್ನಿಸಿದ ಖುಷಿಯಲ್ಲಿ ಅವಳನ್ನು ಕೇಳಬೇಕೆಂಬುದೇ ತಲೆಗೆ ಬಂದಿರಲಿಲ್ಲ. ಹತ್ತೊಂಬತ್ತು ವರ್ಷ ಹಾಡಿನ ಮಧ್ಯೆ ಉಸಿರು ಬಿಡದವಳು, ಮನೆಯವಳ ಹಾಡಿನ ಮೇಲೆ ಕೂತು ಇಡೀ ತಿಂಗಳು ಮಾತನಾಡಿದ್ದೆ. ತಪ್ಪಾಯಿತು ಎನ್ನಲು ಹೋದೆ, ಅವಳು ಕೀಲಿಕೈ ಕೊರೆಯುವ ಯಂತ್ರ ಚಾಲೂ ಮಾಡಿದಳು. ಅಂದಿನಿಂದ ಮಾತು ಬಿಟ್ಟಳು.

ಹತ್ತು ದಿನಕ್ಕೆ ಎಂಟು ಸೆಕೆಂಡು ನಗುನಗುತ್ತಾ ಬಂದರು. ನಲವತ್ತೊಂದು ಸ್ಟೇಷನ್ನುಗಳಲ್ಲಿ ದಿನದ ಯಾವ ಹೊತ್ತಿನಲ್ಲಿ ಅತಿ ಹೆಚ್ಚು ಜನ ರೇಡಿಯೋ ಹಚ್ಚುತ್ತಾರೆ ಎಂದು ನೋಡಿದರೆ, ನಮ್ಮ ಊರಿನ ನಾಲ್ಕೂ ಐವತ್ತು ಎಲ್ಲಕ್ಕಿಂತ ಮೇಲಿತ್ತಂತೆ.

"ಸೋಮವಾರದಿಂದ ಎಲ್ಲಾ ಊರಿಗೂ ನೀವೇ ಹವಾಮಾನ ಓದಬೇಕು ಮೇಡಂ. ಬೇರೆ ಕಡೆ ಓದೋರನ್ನ ನಿಲ್ಲಿಸ್ತಿದ್ದೀವಿ. ಆ ಹಿನ್ನೆಲೆ ಇದೆಯಲ್ಲ, ಅದನ್ನ ಕಂಪನಿಯ ಹವಾಮಾನದ ಟ್ಯೂನ್ ಅಂತಾನೇ ಮಾಡೋಣ. ಅದು ನಮ್ಮ ಸ್ಟೇಷನ್ನಿಂದೇ ತಾನೆ?"

ನನ್ನಂಥ ನಲವತ್ತು ಜನರ ಮೂರು ನಿಮಿಷ ನನ್ನಿಂದಾಗಿ ಹೋಗಲಿತ್ತು. ನಾದಿನಿಯ ಹಾಡು ಇನ್ನು ನಲವತ್ತೊಂದು ಊರಿನಲ್ಲಿ ಯಾರದ್ದೂ ಅಲ್ಲದ ಹಾಡಾಗಲಿತ್ತು.

"ಸೋಮವಾರ ಹೇಳ್ತೀನಿ," ಎಂದೆ.

ಸೋಮವಾರ ನಾಲ್ಕೂ ನಲವತ್ತೈದಕ್ಕೆ ಸ್ಟುಡಿಯೋದಲ್ಲಿ ಕೂತೆ. ಗಾಜಿನ ಆಚೆ ಮಾಮ. ಹವಾಮಾನ ಮುಗಿದ ಕೂಡಲೇ ಅವರು ಒಂದು ಗುಂಡಿ ಒತ್ತಬೇಕು, ಆಗ ಎಲ್ಲ ಊರಿನಲ್ಲೂ ಜಾಹೀರಾತು ಶುರುವಾಗುತ್ತದೆ. ಗುಂಡಿ ಒತ್ತುವವರೆಗೆ ನಲವತ್ತೊಂದು ಊರು ನನ್ನ ಕೈಯಲ್ಲಿ. ನನಗೆ ಭಯವೇನೂ ಆಗಲಿಲ್ಲ. ಬಹಳ ದಿನದ ಮೇಲೆ ಮಾಡುವ ಕೆಲಸ ಯಾವುದೆಂದು ಸ್ಪಷ್ಟವಾಗಿತ್ತು.

ಕೆಂಪು ದೀಪ ಹತ್ತಿತು. "ಹವಾಮಾನಕ್ಕೆ ಮೊದಲು ಒಂದು ಮಾತು," ಎಂದೆ. "ನಮ್ಮೂರಿನವರು ಇಷ್ಟು ದಿನ ಹವಾಮಾನದ ಹಿಂದೆ ಕೇಳಿದ್ದು ಒಂದು ಹಾಡು. ಕಟ್ಟಿದವರು, ಹಾಡಿದವರು ಬೀಗದಕ್ಕ. ಮಾರ್ಕೆಟ್ ರಸ್ತೆಯಲ್ಲಿ ಬೀಗ ರಿಪೇರಿ ಮಾಡುತ್ತಾರೆ, ತಾಳ ಅವರ ಅರದ್ದು. ಅವರನ್ನು ಕೇಳದೆ ಅದರ ಮೇಲೆ ಮಾತನಾಡಿದ್ದು ನಾನು. ತಪ್ಪಾಯಿತು. ಈಗ ಪೂರ್ತಿ ಕೇಳಿ."

ಹಾಡನ್ನು ಮೊದಲಿನಿಂದ ಹಚ್ಚಿ ನನ್ನ ಮೈಕು ಮುಚ್ಚಿದೆ. ಒಂದು ನಿಮಿಷಕ್ಕೆ ಗೋಡೆಯ ಫೋನಿನ ದೀಪ ಮಿನುಗತೊಡಗಿತು, ಹೆಡ್ಡಾಫೀಸಿನದು. ಮಾಮ ಅದನ್ನು ನೋಡಿದರು, ಗುಂಡಿಯನ್ನು ನೋಡಿದರು, ಎರಡೂ ಕೈ ತೊಡೆಯ ಮೇಲಿಟ್ಟುಕೊಂಡು ಹಿಂದಕ್ಕೆ ಒರಗಿದರು. ಕೊನೆಯ ಚರಣ ಮುಗಿಯಿತು. ಮೈಕು ತೆರೆದು, "ಹಾಡಿದವರು ಬೀಗದಕ್ಕ. ನಾಳೆ ಎಲ್ಲೆಡೆ ಒಣಹವೆ," ಎಂದೆ. ಮಾಮ ಗುಂಡಿ ಒತ್ತಿದರು.

ಫೋನೆತ್ತಿದರೆ, ಅವತ್ತು ಹೆಡ್ಡಾಫೀಸಿನಲ್ಲಿದ್ದ ಎಂಟು ಸೆಕೆಂಡು. "ಹೀಗೆ ಮಾಡಬಾರದಿತ್ತು ಮೇಡಂ."

"ಮಾಡಬಾರದ್ದನ್ನ ಹೋದ ತಿಂಗಳೇ ಮಾಡಿದ್ದೆ. ಇವತ್ತು ಸರಿಮಾಡಿದೆ."

"ನಾಳೆಯಿಂದ ಬರೋದು ಬೇಡ ಅಂತಿದ್ದಾರೆ, ಮೇಲಿನವರು."

"ಆಗಲಿ," ಎಂದು ಚೀಲ ತೆಗೆದುಕೊಂಡೆ.

ನೆಟ್ಟಗೆ ಅಂಗಡಿಗೆ ನಡೆದೆ. ನಾದಿನಿ ಒಂದು ಹಳೆಯ ಪೆಟ್ಟಿಗೆ ಬೀಗವನ್ನು ಬಿಚ್ಚಿ ಹರಡಿಕೊಂಡಿದ್ದಳು. ತಲೆ ಎತ್ತಲಿಲ್ಲ.

"ಕೆಲಸ ಹೋಯ್ತಾ?" ಎಂದಳು.

"ಹೋಯ್ತು."

"ಅಣ್ಣನಿಗೆ ಹೇಳಿದ್ರಾ?"

"ಇನ್ನೂ ಇಲ್ಲ."

"ನಾನು ಹೇಳ್ತೀನಿ ಬಿಡಿ. ನೀವು ಹೇಳಿದ್ರೆ ಅರ್ಧದಲ್ಲೇ ಜಗಳ ಶುರು ಆಗುತ್ತೆ." ಕಾಲಿನಿಂದ ಸ್ಟೂಲನ್ನು ನನ್ನ ಕಡೆ ತಳ್ಳಿದಳು. ನಾನು ಕೂತೆ.

ಅರ್ಧ ಗಂಟೆಯಾಗಿರಬೇಕು, ನನ್ನ ಫೋನು ಹೊಡೆದುಕೊಂಡಿತು. ಎಂಟು ಸೆಕೆಂಡು. ಇಪ್ಪತ್ತಾರು ಊರುಗಳಿಂದ ಹೆಡ್ಡಾಫೀಸಿಗೆ ಕರೆ ಬರುತ್ತಿದೆಯಂತೆ, ಆ ಹಾಡು ಬೇಕೆಂದು. ಹಾಗೆ ಜನ ತಾವಾಗಿ ಒಂದು ಹಾಡು ಕೇಳಿ ಫೋನ್ ಮಾಡಿದ್ದನ್ನು ಅವರು ನೋಡಿಯೇ ಇರಲಿಲ್ಲವಂತೆ. ಪಟ್ಟಿಗೆ ಸೇರಿಸೋಣ ಎನ್ನುತ್ತಿದ್ದಾರೆ, ಹಾಡಿದವರ ನಂಬರು ಸಿಗಬಹುದೇ?

"ಇಲ್ಲೇ ಇದ್ದಾರೆ, ಮಾತಾಡಿ," ಎಂದು ಫೋನನ್ನು ಕೀಲಿಕೈಗಳ ನಡುವೆ ಇಟ್ಟು ಸ್ಪೀಕರ್ ಒತ್ತಿದೆ. ಅವಳ ಕೈತುಂಬ ಎಣ್ಣೆಯಿತ್ತು.

"ಪೂರ್ತಿ ಹಾಕ್ತೀರಾ?" ನಾದಿನಿ ಕೇಳಿದಳು.

"ಎರಡು ನಿಮಿಷಕ್ಕೆ ಎಡಿಟ್ ಮಾಡ್ತೀವಿ, ಮೇಡಂ."

"ಪೂರ್ತಿ ಹಾಕೋದಾದ್ರೆ ಹಾಕಿ."

"ಸರಿ. ಮೇಲಿನವರನ್ನ ಕೇಳಿ ನೋಡ್ತೀನಿ."

"ಇನ್ನೊಂದು. ನನ್ನ ಹೆಸರನ್ನ ನಮ್ಮ ಅತ್ತಿಗೆ ಹೇಳಬೇಕು. ಬೇರೆ ಯಾರೂ ಹೇಳಕೂಡದು."

"ಅವರು ಈಗ ಕೆಲಸದಲ್ಲಿ ಇಲ್ಲವಲ್ಲ."

"ಹಾಗಾದ್ರೆ ಹಾಡೂ ಇಲ್ಲ."

ನಾನು ಮುಂದೆ ಬಗ್ಗಿದೆ. "ಕೇಳುವಾಗ ನಾಲ್ಕು ಗಂಟೆಯ ಹೊತ್ತನ್ನೂ ಕೇಳಿಬಿಡಿ. ಇವಳೊಬ್ಬಳೇ ಅಲ್ಲ, ಅಲಮಾರೀಲಿ ಇನ್ನೂರು ಜನ ಇದ್ದಾರೆ."

"ಕೇಳ್ತೀನಿ ಮೇಡಂ," ಎಂದು ಅವರು ಫೋನಿಟ್ಟರು. ಸುಮ್ಮನೆ ಅಂದದ್ದು ಎಂದು ನನಗೆ ಅನ್ನಿಸಲಿಲ್ಲ.

"ಹುಚ್ಚೀ," ಎಂದೆ ನಾದಿನಿಗೆ. "ಅವರು ಒಪ್ಪದಿದ್ರೆ ಏನು ಮಾಡ್ತೀಯ? ಬಂದದ್ದನ್ನ ಒದ್ದುಬಿಟ್ಯಲ್ಲೇ."

"ಒಂದು ಸಲ ಪೂರ್ತಿ ಹೋಯ್ತು, ಹೆಸರು ಹೇಳಿದ್ರಿ. ನಾನು ಕೇಳಿದ್ದು ಅಷ್ಟೇ ಅಲ್ವಾ?" ಬೀಗದ ಸ್ಪ್ರಿಂಗನ್ನು ಬೆಳಕಿಗೆ ಹಿಡಿದು ನೋಡಿದಳು. "ತಪ್ಪಾಯಿತು ಅಂತ ಯಾಕೆ ಹೇಳಿದ್ರಿ, ಅಷ್ಟೂರಿನ ಮುಂದೆ? ನನ್ನ ಹತ್ರ ಹೇಳಿದ್ರೆ ಸಾಕಾಗಿತ್ತು."

"ನೀನು ಯಂತ್ರ ಹಚ್ಚಿಬಿಟ್ಟಿದ್ದೆ," ಎನ್ನುವಷ್ಟರಲ್ಲಿ ನನಗೆ ಅಳು ಉಕ್ಕಿ ಬಂತು. ಕೆಲಸ ಹೋದದ್ದಕ್ಕಲ್ಲ. ನಾಲ್ಕು ವರ್ಷ ಬೇಡಿಸಿಕೊಂಡು ಹಾಡಿದವಳು, ಆ ಹಾಡನ್ನೇ ನನಗೋಸ್ಕರ ಪಣಕ್ಕಿಟ್ಟು ಏನೂ ಆಗದವಳಂತೆ ಬೀಗ ಒರೆಸುತ್ತಿದ್ದಳು.

"ಅಳೋದಾದ್ರೆ ಆ ಕಡೆ ತಿರುಗಿ ಅತ್ತಿಗೆ," ಎಂದಳು. "ಗಿರಾಕಿ ಬರ್ತಿದ್ದಾರೆ."