ಬೆಟ್ಟ ಕಾಣುವ ದಿನಗಳು

ಯಂತ್ರ ಓಡುವ ದಿನ ಮಾತ್ರ ದೂರದ ಬೆಟ್ಟ ತೊಳೆದಿಟ್ಟಂತೆ ಕಾಣುತ್ತಿತ್ತು. ಉಳಿದ ದಿನ ಅದರ ಸೊಂಟಕ್ಕೆ ಮಾಸಿದ ಬಟ್ಟೆ ಸುತ್ತಿದಂಥ ಮಬ್ಬು. ಮೊದಮೊದಲು ಅವಳು ತನ್ನ ಕಣ್ಣನ್ನೇ ಅನುಮಾನಿಸಿದಳು. ಕನ್ನಡಕ ಒರೆಸಿಕೊಂಡಳು, ಗಾಳಿಯನ್ನು ದೂರಿದಳು. ಆದರೆ ಗಾಳಿ ಕ್ಯಾಲೆಂಡರ್ ನೋಡಿ ಬೀಸುತ್ತದೆಯೇ?

ಕಾಡಿನ ನಡುವಿನ ಆ ಒಂಟಿ ಕೋಣೆಯಲ್ಲಿ ಗಾಳಿಯ ಧೂಳು ಹಿಡಿಯುವುದು ಅವಳ ಕೆಲಸ. ವಾರಕ್ಕೆರಡು ಸಲ, ಅವಳು ಗಡಿಯಾರದಲ್ಲಿ ಗೊತ್ತುಮಾಡಿಟ್ಟ ದಿನ, ಯಂತ್ರ ತಾನಾಗಿಯೇ ಓಡಿ, ಬಿಳಿ ಹಾಳೆಯೊಂದರ ಮೂಲಕ ಗಾಳಿ ಎಳೆಯುತ್ತಿತ್ತು. ಆ ಹಾಳೆಗೆ ಮೊಹರು ಹಾಕಿ ಪ್ರಯೋಗಾಲಯಕ್ಕೆ ಕಳಿಸಬೇಕು. ಹಾಳೆಗಳೆಲ್ಲ ಬೆಳ್ಳಗೇ ಹೋಗುತ್ತಿದ್ದವು. ಕಣಿವೆಯಾಚೆ ಕಸ ಸುಡುವ ಕಾರ್ಖಾನೆಗೆ ಇದಕ್ಕಿಂತ ಇನ್ನೇನು ಬೇಕು? ಯಾರೋ ಅವರಿಗೆ ದಿನ ಹೇಳಿಕೊಡುತ್ತಿದ್ದಾರೆ, ಆ ದಿನ ಅವರು ಬೆಂಕಿ ಆರಿಸುತ್ತಿದ್ದಾರೆ.

ದಿನ ಗೊತ್ತಿದ್ದದ್ದು ಅವಳಿಗೆ, ಪಟ್ಟಣದಲ್ಲಿದ್ದ ಮೇಲಧಿಕಾರಿಗೆ, ಮತ್ತೆ ಹಾಳೆಗಳನ್ನು ಒಯ್ಯಲು ಬರುವ, ಅರಣ್ಯ ಇಲಾಖೆಯ ಜೀಪು ಓಡಿಸುವ ಭಾವನಿಗೆ. ಅಕ್ಕನ ಗಂಡನಾದ ಇವನು ಹಿಂದೆ ಅದೇ ಕಾರ್ಖಾನೆಯ ಲಾರಿ ಓಡಿಸಿದ್ದವನು.

"ಏನು ಧೂಳಮ್ಮ, ನಿನ್ನ ಯಂತ್ರ ಇನ್ಯಾವತ್ತು ಉಸಿರೆಳೆಯುತ್ತೆ?" ಎಂದು ಅವನು ಪ್ರತಿ ವಾರ ತಪ್ಪದೆ ಕೇಳುತ್ತಿದ್ದ.

"ನಿಮಗ್ಯಾಕೆ ಭಾವ ಅದೆಲ್ಲ?"

"ಅಯ್ಯೋ, ಕೇಳಿದ್ರೆ ತಪ್ಪಾ? ನಿಮ್ಮಕ್ಕನ ಥರಾನೇ ಮುಖ ಊದಿಸ್ಕೋತೀಯಲ್ಲ!"

ಅವನು ನಕ್ಕಷ್ಟೂ ಅವಳ ಅನುಮಾನ ಬೆಳೆಯುತ್ತಿತ್ತು. ನಿಜವೇ ಆದರೆ ದೂರು ಕೊಡಲೇಬೇಕು. ಕೊಟ್ಟರೆ ಅವನ ಕೆಲಸ ಹೋಗುತ್ತದೆ, ಅಕ್ಕನ ಸಂಸಾರ ಬೀದಿಗೆ ಬೀಳುತ್ತದೆ.

ಕೊನೆಗೆ ಒಂದು ಉಪಾಯ ಮಾಡಿದಳು. ಬುಧವಾರ ಓಡಬೇಕಿದ್ದ ಯಂತ್ರದ ಗಡಿಯಾರವನ್ನು ಗುರುವಾರಕ್ಕೆ ತಿರುಗಿಸಿದಳು. ಭಾವನಿಗೆ ಹೇಳಲಿಲ್ಲ. ದಿನ ಬದಲಾದರೆ ತಿಳಿಸಬೇಕೆಂಬ ನಿಯಮವಿದ್ದುದರಿಂದ ಮೇಲಧಿಕಾರಿಗೆ ಮಾತ್ರ ಫೋನು ಮಾಡಿ, ಕರೆಂಟಿನ ನೆಪ ಹೇಳಿದಳು. ಬುಧವಾರ ಬೆಟ್ಟ ಕಂಡರೆ ಭಾವ ಸಿಕ್ಕಿಬಿದ್ದಂತೆ.

ಬುಧವಾರ ಕಿಟಕಿ ತೆರೆದರೆ ಬೆಟ್ಟವೇ ಇಲ್ಲ. ಹೊಗೆ ಅದನ್ನು ಬುಡಸಮೇತ ನುಂಗಿತ್ತು. ಅಷ್ಟರಲ್ಲಿ ಭಾವ ಏದುಸಿರು ಬಿಡುತ್ತ ನಡೆದೇ ಬಂದ.

"ಜೀಪ್ ಎಲ್ಲಿ ಭಾವ?"

"ಕೆಳಗೆ ತಿರುವಿನಲ್ಲೇ ಬಿಟ್ಟೆ. ಇವತ್ತು ನಿನ್ನ ಯಂತ್ರ ಓಡೋ ದಿನ ಅಲ್ವಾ? ಜೀಪಿನ ಹೊಗೆ ಹತ್ರ ತಂದ್ರೆ ಕಾಲು ಮುರೀತೀನಿ ಅಂದಿದ್ದು ನೀನೇ ತಾನೆ?"

ಕೆಲಸಕ್ಕೆ ಸೇರಿದ ಹೊಸದರಲ್ಲಿ ತಾನೇ ಹಾಗೆ ಗದರಿದ್ದು ಅವಳಿಗೆ ಆಗ ನೆನಪಾಯಿತು. ಅವನು ದಿನ ಕೇಳುತ್ತಿದ್ದದ್ದು ಇದಕ್ಕಾ? ನಾಚಿಕೆಯಿಂದ ಅವಳು ತಲೆ ತಗ್ಗಿಸಿದಳು.

ಗುರುವಾರ ಬೆಟ್ಟದ ಮೇಲಿನ ಒಂದೊಂದು ಬಂಡೆಯೂ ಕಂಡಿತು. ಈ ದಿನವನ್ನು ಅವಳು ಹೇಳಿದ್ದು ಒಬ್ಬರಿಗೆ ಮಾತ್ರ. ಸಂಜೆ ಫೋನು ಬಂತು.

"ಹಾಳೆ ಬೆಳ್ಳಗಿದೆ ತಾನೆ?" ಮೇಲಧಿಕಾರಿಯ ದನಿಯಲ್ಲಿ ಬೆಣ್ಣೆ ಕರಗುತ್ತಿತ್ತು. "ಸರಿ, ಮುಂದಿಂದು ಯಾವತ್ತಮ್ಮ?"

ಒಂದೇ ಸಲದ ಗಾಳಿ ನಂಬಿ ಇಷ್ಟು ದೊಡ್ಡ ಮನುಷ್ಯನನ್ನು ಅನುಮಾನಿಸುವುದೇ? ಭಾವನನ್ನೂ ಹೀಗೇ ಅನುಮಾನಿಸಿದ್ದೆನಲ್ಲ!

"ಭಾನುವಾರ ಸಾರ್."

ಫೋನಿಟ್ಟು ಯಂತ್ರವನ್ನು ಶನಿವಾರಕ್ಕೆ ತಿರುಗಿಸಿದಳು. ಭಾವನಿಗೆ ಈ ಸಲ ನಿಜವನ್ನೇ ಹೇಳಿದಳು.

ಶನಿವಾರ ಬೆಳಿಗ್ಗೆ ಕಿಟಕಿಯ ಚಿಲಕದ ಮೇಲೆ ಕೈಯಿಟ್ಟು ತುಸು ಹೊತ್ತು ಹಾಗೇ ನಿಂತಳು. ಬೆಟ್ಟ ಕಂಡರೆ ಅಕ್ಕನಿಗೆ ಏನು ಹೇಳುವುದು?

ಬೆಟ್ಟ ಕಾಣಲಿಲ್ಲ. ಆ ಕೊಳಕು ಹೊಗೆ ಕಂಡು ಅವಳಿಗೆ ಅಳುವಷ್ಟು ಖುಷಿಯಾಯಿತು.

ಮರುದಿನ ಮಸಿಬಣ್ಣದ ಹಾಳೆಗೆ ಮೊಹರು ಹಾಕಿ, ತಿರುವಿನವರೆಗೆ ನಡೆದು ಹೋಗಿ ಜೀಪು ಹತ್ತಿದಳು.

"ಇತ್ಲಾಗೆ ಕೊಡು, ಹಿಂದಿಡ್ತೀನಿ," ಎಂದ ಭಾವ.

"ಬೇಡ ಭಾವ, ನನ್ನ ಹತ್ರಾನೇ ಇರಲಿ. ಪ್ರಯೋಗಾಲಯದಲ್ಲಿ ನಾನೇ ಕೈಯಾರೆ ಕೊಡ್ತೀನಿ."

"ಯಾಕೆ, ನನ್ನ ಮೇಲೂ ನಂಬಿಕೆ ಇಲ್ವಾ?"

"ಇದೆ ಭಾವ," ಎಂದಳು. ಆದರೂ ಪೊಟ್ಟಣವನ್ನು ತೊಡೆಯಿಂದ ಕದಲಿಸಲಿಲ್ಲ.