ಮುಳ್ಳು ಎತ್ತುವ ಜಾಗ

ಭಾನುವಾರದ ಬೆಳಗಿನ ಪಾಳಿ ಮುಗಿಸಿ ಜೀಡಿಮೆಟ್ಲಾದ ಔಷಧ ಕಾರ್ಖಾನೆಯಿಂದ ಸನತ್‌ನಗರಕ್ಕೆ ಬಂದಾಗಲೂ ನನ್ನ ಕಿವಿಯೊಳಗೆ ಮಾತ್ರೆ ಒತ್ತುವ ಯಂತ್ರ ಓಡುತ್ತಲೇ ಇತ್ತು. ಮನೆಗೆ ಹೋಗಿ ಮಲಗಿಬಿಡೋಣ ಎನಿಸಿತು. ಆದರೆ ಅಂದು ಹಾಡು ಹಾಕುವ ಸರದಿ ಬಸವಲಿಂಗಪ್ಪನವರದು. ಅದನ್ನು ತಪ್ಪಿಸಿದರೆ ಪುರಾಣ ತಪ್ಪಿಸಿದಷ್ಟೇ ಮನಸ್ಸು ಕಚ್ಚುತ್ತದೆ.

ನಾವು ಮೂವರೇ. ಈ ತೆಲುಗು ಊರಿನಲ್ಲಿ ಪ್ರೊಗ್ರೆಸ್ಸಿವ್ ರಾಕ್ ಎಂಬ, ಕಥೆ ಹೇಳುವ ಉದ್ದುದ್ದ ಇಂಗ್ಲಿಷ್ ಹಾಡುಗಳ ಹುಚ್ಚರೆಲ್ಲ ಸೇರಿದ ಫೋನಿನ ಗುಂಪಿನಲ್ಲಿ ಹೇಗೋ ಒಬ್ಬರ ಕನ್ನಡ ಒಬ್ಬರಿಗೆ ಗೊತ್ತಾಗಿ ಕೂಡಿಕೊಂಡವರು. ಬಸವಲಿಂಗಪ್ಪನವರು ಗಂಗಾವತಿ ಕಡೆಯವರು, ಇಲ್ಲಿನ ಕಾರ್ಖಾನೆಯೊಂದರಲ್ಲಿ ದುಡಿದು ನಿವೃತ್ತರಾದವರು; ರೆಕಾರ್ಡುಗಳೂ ಪ್ಲೇಯರೂ ಅವರವೇ. ವಿನಾಯಕ ಮೈಸೂರಿನ ಐಟಿ ಹುಡುಗ, ದಿಲ್‌ಸುಖ್‌ನಗರದಿಂದ ಮೆಟ್ರೋ ಹಿಡಿದು ಬರುತ್ತಾನೆ. ನಿಯಮ ಒಂದೇ. ಸರದಿಯವರು ತಮಗೆ ಪ್ರಿಯವಾದ ಒಂದು ಹಾಡನ್ನು ಪೂರ್ತಿ ಹಾಕಬೇಕು. ಪ್ಲೇಯರಿನ ಮುಳ್ಳು ಎತ್ತುವವರೆಗೆ ಯಾರೂ ಮಾತಾಡಬಾರದು.

ನನಗೆ ಈ ಹಾಡುಗಳು ಹಿಡಿಸಿದ್ದು ಅಪ್ಪನಿಂದ. ಅವರೇನು ರಾಕ್ ಕೇಳಿದವರಲ್ಲ. ಶ್ರಾವಣದಲ್ಲಿ ನಮ್ಮ ಕ್ವಾರ್ಟರ್ಸಿನಲ್ಲಿ ಭಾಮಿನಿ ಷಟ್ಪದಿಯ ಪುರಾಣ ಓದುತ್ತಿದ್ದರು. ಮೂರು-ನಾಲ್ಕು, ಮೂರು-ನಾಲ್ಕು ಎಂದು ಅವರ ಬೆರಳು ಪುಸ್ತಕದ ಪೀಠದ ಮೇಲೆ ಬೀಳುತ್ತಿತ್ತು. ಅವರು ತೀರಿಕೊಂಡ ಮೇಲೆ ಒಮ್ಮೆ, ಏಳರ ಲೆಕ್ಕದಲ್ಲಿ ಕುಂಟುತ್ತ ನಡೆಯುವ ಗಿಟಾರೊಂದನ್ನು ಕೇಳಿದಾಗ ನನ್ನ ಬೆರಳು ತಾನಾಗಿ ಬಿತ್ತು. ಯಾರೋ ಇಂಗ್ಲಿಷಿನಲ್ಲಿ ನಮ್ಮ ಮನೆಯ ಓದು ಓದುತ್ತಿದ್ದಾರೆ ಎನಿಸಿ ಅಳು ಬಂತು.

ಸನತ್‌ನಗರದ ಮನೆಯ ಬಾಗಿಲು ತೆರೆದವರು ಬಸವಲಿಂಗಪ್ಪನವರ ಹೆಂಡತಿ ಜಯಮ್ಮ.

“ಬಾರವ್ವ ಅಹಲ್ಯಾ. ಹಿಂಡಿದ ಅರಿವಿ ಆಗೇತಿ ನೋಡು ಮುಖ. ನಿಮ್ಮ ಕಾಕಾಗ ಆವಾಗಿಂದ ಕೂಗಾಕತ್ತೀನಿ, ಚಾ ತಗೋರಿ ಅಂತ. ಇಂಗ್ಲೆಂಡಿನವರು ಕರದ್ರ ಕೇಳತೈತಿ, ನಾ ಕರದ್ರ ಕೇಳಂಗಿಲ್ಲ.”

“ಎಲ್ಲಾರ ಮನೇಲೂ ಅಷ್ಟೇ ಆಂಟಿ,” ಎಂದು ಒಳಗೆ ಆಗಲೇ ಬಂದು ಕೂತಿದ್ದ ವಿನಾಯಕ ನಕ್ಕ. ನಾನೂ ನಕ್ಕೆ. ನಮ್ಮನ್ನು ನೋಡಿ ಬಸವಲಿಂಗಪ್ಪನವರೂ ನಕ್ಕರು, ಒಂದು ಗಳಿಗೆ ತಡವಾಗಿ.

ಅಂದಿನ ರೆಕಾರ್ಡಿನಲ್ಲಿ ಒಂದು ಬದಿ ಪೂರ್ತಿ ಒಂದೇ ಹಾಡು. ಮಂಜಿನಲ್ಲಿ ಕಳೆದುಹೋದ ತಮ್ಮನನ್ನು ಹುಡುಕುತ್ತ ಕಡಲಿಗಿಳಿಯುವ ಅಂಬಿಗನ ಕಥೆ. ಕಡೆಗೆ ಅಂಬಿಗನೇ ಮುಳುಗುತ್ತಾನೆ; ಡ್ರಮ್ಮು, ಆರ್ಗನ್ನು ಒಟ್ಟಿಗೆ ಕುಸಿದು ಸುಮ್ಮನಾಗುತ್ತವೆ. ಆಮೇಲೆ ಸಣ್ಣಗೆ ಒಂದು ಕೊಳಲು. ತಮ್ಮ ದಡ ಸೇರಿ, ದೀಪ ಹಚ್ಚಿಕೊಂಡು ಅಣ್ಣನನ್ನು ಕಾಯುವ ಭಾಗ ಅದು. ಬಸವಲಿಂಗಪ್ಪನವರಿಗೆ ಆ ಕೊಳಲೆಂದರೆ ಪ್ರಾಣ. ಗುಂಪಿನಲ್ಲಿ ಅದರ ಬಗ್ಗೆ ಬರೆದು ಬರೆದು ಎಲ್ಲರಿಂದ ಬೈಸಿಕೊಂಡಿದ್ದರು.

ಅಂಬಿಗ ಮುಳುಗಿದ. ಸದ್ದು ಕುಸಿಯಿತು. ಕೊಳಲು ಮೊದಲ ಉಸಿರು ಎಳೆಯಿತು, ನಾನು ಕಣ್ಣು ಮುಚ್ಚಿದೆ. ಯಂತ್ರದ ಸದ್ದು ಆಗಷ್ಟೇ ಕಿವಿಯಿಂದ ಇಳಿಯತೊಡಗಿತ್ತು.

ಟಕ್ ಎಂದಿತು. ಬಸವಲಿಂಗಪ್ಪನವರು ಮುಳ್ಳು ಎತ್ತಿದ್ದರು.

“ಕೇಳಿದ್ರಿಲ್ಲ? ಆ ಕೊಳಲು ಹೆಂಗ ಊದ್ಯಾನ ನೋಡ್ರಿ.”

“ಸಾರ್, ಅದು ಇನ್ನೂ...” ಎಂದ ವಿನಾಯಕ ಅಲ್ಲಿಗೇ ನಿಲ್ಲಿಸಿದ.

ಅವರು ಅವನ ಮುಖ ನೋಡಿದರು, ನನ್ನ ಮುಖ ನೋಡಿದರು. ಭುಜಗಳು ಇಳಿಬಿದ್ದವು.

“ಮುಗದಿಲ್ಲೇನು?”

ಅಡುಗೆಮನೆ ಬಾಗಿಲಿನಿಂದ ಜಯಮ್ಮ ಹೇಳಿದರು: “ಕಿವಿ ಹೋಗೇತ್ರಿ. ಸಣ್ಣ ಸದ್ದು ಕೇಳಂಗಿಲ್ಲ, ಅಂದಾಜಿನ ಮ್ಯಾಲ ಮುಳ್ಳು ಎತ್ತತಾರ. ಡಾಕ್ಟರು ಮಶೀನ್ ಕೊಟ್ಟಾರ. ಹಾಕ್ಕೊಂಡ್ರ ಹಾಡು ಡಬ್ಬಿ ಬಡದಂಗ ಕೇಳತೈತಂತ, ಕಪಾಟಿನ್ಯಾಗ ಇಟ್ಟಾರ. ನಿಮಗ ಹೇಳಬ್ಯಾಡ ಅಂದಿದ್ರು.”

ಬಸವಲಿಂಗಪ್ಪನವರು ರೆಕಾರ್ಡನ್ನು ಎತ್ತಿ ಹೊದಿಕೆಗೆ ಸೇರಿಸತೊಡಗಿದರು. “ಪ್ಲೇಯರ್ ನಿನ್ನ ರೂಮಿಗೆ ಒಯ್ಯಪಾ ವಿನಾಯಕ. ಕೇಳದವಗ ಈ ಕೂಟದಾಗ ಏನ ಕೆಲಸ. ಸಾಕಾತು.”

ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ನನಗೆ ಸಮಾಧಾನ ಹೇಳುವಷ್ಟು ತ್ರಾಣವಿರಲಿಲ್ಲ. ಬಾಯಿಗೆ ಬಂದದ್ದು ಅಪ್ಪನ ಮಾತು.

“ಕಾಕಾ, ಸಾವಿನ ಜಾಗದಾಗ ಮುಚ್ಚಬಾರದು.”

“ಏನಂದಿ?”

ಹತ್ತಿರ ಹೋಗಿ ಜೋರಾಗಿ ಕೇಳಿದೆ. “ನಿಮ್ಮೂರಾಗ ಪುರಾಣ ಓದೂ ಮುಂದ ಯಾರರ ಸತ್ತಲ್ಲೇ ಪುಸ್ತಕ ಮುಚ್ಚತಿದ್ರೇನು?”

“ಎಲ್ಲೀದು. ಮುಂದಿನ ಪದ್ಯ ಓದಿ, ಒಳ್ಳೆ ಜಾಗಕ್ಕ ತಂದು, ಆಮ್ಯಾಲ ಮಂಗಳಾರತಿ.”

“ಮತ್ತ ಅಂಬಿಗನ್ನ ನೀರಾಗ ಬಿಟ್ಟು ಎಲ್ಲಿ ಹೊಂಟೀರಿ?”

“ತಮ್ಮ ಬೇರೆ ದೀಪ ಹಿಡ್ಕೊಂಡು ಕಾಯ್ತಿದಾನೆ ಸಾರ್, ಪಾಪ,” ಎಂದ ವಿನಾಯಕ.

ಬಸವಲಿಂಗಪ್ಪನವರು ರೆಕಾರ್ಡನ್ನು ಮತ್ತೆ ಹೊದಿಕೆಯಿಂದ ಹೊರಗೆಳೆದರು. ಆಮೇಲೆ ಅದನ್ನು ನನ್ನ ಕೈಗೆ ಕೊಟ್ಟರು.

ಸದ್ದು ಕುಸಿದ ಜಾಗ ಹುಡುಕಿ ಮುಳ್ಳು ಇಳಿಸಿದೆ. ಅವರ ಅಂಗೈಯನ್ನು ಮರದ ಸ್ಟೂಲಿನ ಮೇಲೆ ಇಟ್ಟು, ಬಡಿತ ಮರದಿಂದ ಅವರ ಕೈಗೆ ತಿಳಿಯಲಿ ಎಂದು ಪಕ್ಕದಲ್ಲೇ ಅಪ್ಪನಂತೆ ಬೆರಳಿನಿಂದ ಬಡಿಯತೊಡಗಿದೆ. ಮೂರು-ನಾಲ್ಕು, ಮೂರು-ನಾಲ್ಕು. ಕೊಳಲು ನಡೆಯುವುದೂ ಅದೇ ಲೆಕ್ಕದಲ್ಲಿ. ಬೆಳಗಿನಿಂದ ಕಾರ್ಖಾನೆಯಲ್ಲಿ ಕೆಟ್ಟ ಪಟ್ಟಿಗಳಿಂದ ಮಾತ್ರೆ ಬಿಡಿಸಿ ಬೆರಳ ತುದಿ ನೋಯುತ್ತಿತ್ತು. ಒಂದು ಸುತ್ತಾಯಿತು. ಬಸವಲಿಂಗಪ್ಪನವರು, ಪುರಾಣಕ್ಕೆ ಕುಳಿತವರು ಪದ್ಯದ ಕೊನೆಗೆ ಹೇಳುವ ಹಾಗೆ, “ಹೂಂ” ಎಂದರು. ನಿಯಮದ ಪ್ರಕಾರ ಮಾತಾಡಬಾರದು. ಯಾರೂ ತಡೆಯಲಿಲ್ಲ.

ಕೊಳಲು ನಿಂತು ಹಾಡುಗಾರ ಉಸಿರೆಳೆಯುವ ಕಡೆ, ನನಗಿಂತ ಮೊದಲೇ ಅವರ ಬೆರಳು ಮೇಲೆದ್ದು ಕಾಯಿತು. ಎಷ್ಟು ಸಲ ಕೇಳಿದ್ದರೋ.

ಹಾಡು ಮುಗಿದು ಮುಳ್ಳು ಕೊನೆಯ ಗೆರೆಯಲ್ಲಿ ಸುಮ್ಮನೆ ಸುತ್ತುತ್ತಿತ್ತು. ಅವರ ಕಣ್ಣು ಮುಚ್ಚಿತ್ತು, ಅಂಗೈ ಸ್ಟೂಲಿನ ಮೇಲೇ ಇತ್ತು. ನಾನು ಇನ್ನಷ್ಟು ಹೊತ್ತು ಬಡಿದೆ, ಆಮೇಲೆ ಬೆರಳು ನೋವಿಗೆ ನಿಂತಿತು.

“ಮುಗೀತೇನವ್ವ?”

“ಮುಗೀತು ಕಾಕಾ,” ಎಂದು ಅವರ ಕಿವಿಯ ಹತ್ತಿರ ಜೋರಾಗಿ ಹೇಳಿದೆ.

“ಎತ್ತು ಹಂಗಾರ. ಇನ್ನ ಮ್ಯಾಲ ಎತ್ತೂದು ನಿಂದ.”

ಜಯಮ್ಮ ಚಹಾ ತಂದರು. ಈ ಸಲ ಅವರು ಕೂಗಲಿಲ್ಲ. ಸ್ಟೂಲಿನ ಮೇಲೆ ಬೆರಳಿನಿಂದ ಬಡಿದರು. ಬಸವಲಿಂಗಪ್ಪನವರು ಕಣ್ಣು ತೆರೆದು ಲೋಟ ಮುಟ್ಟಿ ನೋಡಿದರು.

“ತಣ್ಣಗಾಗೇತಿ.”

“ಮತ್ತ ಮತ್ತ ಕಾಸೀನಿ,” ಎಂದರು ಜಯಮ್ಮ. “ಸುಮ್ಮ ಕುಡೀರಿ.”